ಆಪ್ಷನ್ ಎಂಟ್ರಿಗೆ ಮೊದಲೇ ಸಾಲದ ಲೆಕ್ಕ

ಪ್ರೀತಿಯ ಮಗಳೇ,

ಸಿಇಟಿ ರ‍್ಯಾಂಕ್ ಬಂತೆಂದು ನಿಮ್ಮಮ್ಮ ಫೋನ್ ಮಾಡಿದ್ದಳು. ಸೀಟು ಸಿಗಲಿ, ದುಡ್ಡಿನ ಮಾತು ಆಮೇಲೆ ಎಂದಳು. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಲೇ ನಿವೃತ್ತನಾದ ನಾನು ಇದನ್ನು ಒಪ್ಪಲಾರೆ. ಎಂಥ ಸಾಲ ಸಿಗುತ್ತದೆ ಎಂಬುದು ಆಪ್ಷನ್ ಎಂಟ್ರಿಯಲ್ಲಿ ನೀನು ಆರಿಸುವ ಕಾಲೇಜಿನ ಮೇಲೇ ನಿಂತಿದೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡವೂ ಬೇಡ, ಜಾಮೀನುದಾರರೂ ಬೇಡ. ಆದರೆ ಅದು ಎನ್‌ಐಆರ್‌ಎಫ್ ರ‍್ಯಾಂಕಿಂಗ್ ನೋಡಿ ಆಯ್ದ ಸಂಸ್ಥೆಗಳಿಗೆ ಮಾತ್ರ. ಮೊದಲ ಪಟ್ಟಿಯಲ್ಲಿ ಇದ್ದದ್ದು 860. ಪಟ್ಟಿಯ ಕಾಲೇಜೇ ಆದರೂ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದರೆ ಅರ್ಹತೆ ಇಲ್ಲ. ಪಟ್ಟಿಯ ಹೊರಗಿನ ಕಾಲೇಜಿಗೆ ಬ್ಯಾಂಕಿನ ಮಾಮೂಲಿ ಶಿಕ್ಷಣ ಸಾಲ ಉಂಟು; ಅಲ್ಲಿ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಕೇಳುತ್ತಾರೆ. ನಿಮಗಿರುವುದು ಆ ಮನೆಯೊಂದೇ.

ಇನ್ನು ಆದಾಯ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, ಓದು ಮುಗಿದು ಇನ್ನೊಂದು ವರ್ಷದವರೆಗೆ 10 ಲಕ್ಷದ ತನಕದ ಸಾಲಕ್ಕೆ ಶೇ 3ರಷ್ಟು ಬಡ್ಡಿಯನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ. 4.5 ಲಕ್ಷದೊಳಗಿದ್ದು ಕೋರ್ಸು ಇಂಜಿನಿಯರಿಂಗ್‌ನಂಥದ್ದಾದರೆ ಆ ಅವಧಿಯ ಪೂರ್ತಿ ಬಡ್ಡಿಯೇ ಸರ್ಕಾರದ್ದು. ನಾಡಕಚೇರಿಗೆ ಈ ವಾರವೇ ಹೋಗಿ ಆದಾಯ ಪ್ರಮಾಣಪತ್ರ ಮಾಡಿಸಿಕೊಳ್ಳಿ. ನಡುವೆ ಕೋರ್ಸು ಬಿಟ್ಟರೆ ಈ ನೆರವು ತಪ್ಪುತ್ತದೆ.

ಈಗ ಕಾಗದ ತೆಗೆದುಕೊ. ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ ಪಡೆದೆ, ಶೇ 10ರ ಸರಳ ಬಡ್ಡಿ ಎಂದಿಟ್ಟುಕೋ. ಓದು ಮುಗಿದು ವರ್ಷವಾಗಿ ಕಂತು ಶುರುವಾಗುವ ಹೊತ್ತಿಗೆ 8 ಲಕ್ಷದ ಅಸಲಿಗೆ 2.8 ಲಕ್ಷ ಬಡ್ಡಿ ಸೇರಿರುತ್ತದೆ. ಹತ್ತು ವರ್ಷ ತೀರಿಸಿದರೆ ತಿಂಗಳಿಗೆ ಸುಮಾರು 14,300 ರೂಪಾಯಿ. ಅದೇ ಪೂರ್ತಿ ಬಡ್ಡಿ ಮನ್ನಾ ಸಿಕ್ಕರೆ 10,600ರ ಆಸುಪಾಸು. ಮೊದಲ ಕೆಲಸದ ಸಂಬಳದಲ್ಲಿ, ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿದ ಮೇಲೆ, ಆ ವ್ಯತ್ಯಾಸ ಸಣ್ಣದಲ್ಲ. ಬ್ಯಾಂಕು ಕೊಡುತ್ತದೆಂದು ಮಿತಿಯಷ್ಟೂ ಪಡೆಯಬೇಡ. ಜಾಮೀನುದಾರರು ಬೇಡವೆಂದರೂ ಸಹಸಾಲಗಾರನಾಗಿ ಅಪ್ಪನ ಸಹಿಯೂ ಜೊತೆಗಿರುತ್ತದೆ ಎಂಬುದು ನೆನಪಿರಲಿ.

ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲವಿದೆ: ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇ 2. ಬ್ಯಾಂಕಿಗೆ ಹೋಗುವ ಮುಂಚೆ ಅದನ್ನು ವಿಚಾರಿಸು.

ನಿನ್ನ ಆಯ್ಕೆಯ ಕಾಲೇಜುಗಳನ್ನು ಬರೆದು ಕಳಿಸು. ಪ್ರತಿ ಹೆಸರಿನ ಮುಂದೆ ಶುಲ್ಕ, ಹಾಸ್ಟೆಲ್ ಖರ್ಚು, ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿದೆಯೋ ಇಲ್ಲವೋ ಇಷ್ಟಿರಲಿ. ಭಾನುವಾರ ಕೂತು ನೋಡೋಣ.

ನಿನ್ನ,
ದೊಡ್ಡಪ್ಪ