ಶಾಲು ಆಮೇಲೆ, ವಹಿ ಮೊದಲು
ಊರಿಗಾಗಿ ದುಡಿದವರನ್ನು ಸತ್ಕರಿಸುವವರಿಗೆ ಏಳು ಹೆಜ್ಜೆ

ಜಾತ್ರೆ ಇರಲಿ, ಪುರಾಣ ಮಂಗಲ ಇರಲಿ, ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಸತ್ಕಾರವಿಲ್ಲದ ವೇದಿಕೆ ಸಿಗುವುದು ಕಷ್ಟ. ಹಾರ-ತುರಾಯಿ, ಶಾಲು, ಒಂದು ಫೋಟೊ, ಅಲ್ಲಿಗೆ ಮುಗಿಯಿತು. ದೇಣಿಗೆ ಕೊಟ್ಟವರ ಹೆಸರು ಪಾವತಿ ಪುಸ್ತಕದಲ್ಲಾದರೂ ಉಳಿಯುತ್ತದೆ. ಮೂವತ್ತು ವರ್ಷ ದುಡಿದವರ ಕೆಲಸ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಈ ಸಲ ಸತ್ಕಾರದ ತಯಾರಿಯನ್ನು ಆ ಕೆಲಸ ಬರೆದಿಡುವ ಒಂದು ವಹಿಯಿಂದ ಶುರು ಮಾಡಿ.

1. ಹೆಸರು ಹುಡುಕಿ
ಮುಖಂಡರನ್ನಷ್ಟೇ ಕೇಳಿದರೆ ಮುಖಂಡರ ಹೆಸರುಗಳೇ ಬರುತ್ತವೆ. ಆಶಾ ಕಾರ್ಯಕರ್ತೆಯರು, ಪೋಸ್ಟ್‌ಮನ್, ಬಿಸಿಯೂಟದ ಅಡುಗೆಯವರು, ಭಜನಾ ಮೇಳದವರು, ಇವರನ್ನು ಕೇಳಿ. ಮಹಾಲಿಂಗಪುರದ ಇಬ್ರಾಹಿಂ ಸುತಾರ ನೇಕಾರಿಕೆಯಿಂದ ಬಂದವರು. 1970ರಲ್ಲಿ ಭಾವೈಕ್ಯ ಜನಪದ ಸಂಗೀತ ಮೇಳ ಕಟ್ಟಿ ಊರೂರು ತಿರುಗಿ ಹಾಡಿದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು ಎಂಬತ್ತು ದಾಟಿತ್ತು. ಅಷ್ಟು ವರ್ಷ ಇಂಥವರ ಕೆಲಸವನ್ನು ಹತ್ತಿರದಿಂದ ಬಲ್ಲವರು ಅಕ್ಕಪಕ್ಕದ ಊರಿನವರೇ.

2. ವರ್ಷ ಗೊತ್ತು ಮಾಡಿ
‘ಭಾಳ ವರ್ಷದಿಂದ’ ಎಂದು ಬರೆದರೆ ಸಾಲದು. ಇಸವಿ ನೆನಪಿಲ್ಲದ ಹಿರಿಯರಿಗೆ ಊರಿನ ದೊಡ್ಡ ಘಟನೆ ಹಿಡಿದು ಕೇಳಿ: ‘ಎಪ್ಪತ್ತೆರಡರ ಬರಕ್ಕ ಮೊದಲೋ, ಆಮ್ಯಾಲೋ ರೀ?’ 1997ರಲ್ಲಿ ಬಾಗಲಕೋಟೆ ಜಿಲ್ಲೆ ಆದದ್ದು, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟದ್ದು, 2019ರ ಪ್ರವಾಹ ಕೂಡ ಹೀಗೆ ಕೈಗಂಬವಾಗುತ್ತವೆ. ಬೀಳಗಿ ತಾಲೂಕಿನಲ್ಲಿ ಮುಳುಗಡೆಯಾದ ಊರುಗಳ ಜನ ಬೇರೆ ಬೇರೆ ಪುನರ್ವಸತಿ ಕೇಂದ್ರಗಳಲ್ಲಿ ಇದ್ದಾರೆ. ಸಾಕ್ಷಿ ಹೇಳುವವರನ್ನು ಅಲ್ಲಿಗೇ ಹೋಗಿ ಕಾಣಬೇಕು. 1997ಕ್ಕೆ ಹಿಂದಿನ ಕಾಗದಗಳಲ್ಲಿ ಜಿಲ್ಲೆ ವಿಜಾಪುರ (ಬಿಜಾಪುರ) ಎಂದಿರುತ್ತದೆ, ಗೊಂದಲ ಬೇಡ. ಒಬ್ಬೊಬ್ಬರ ಬಗ್ಗೆ ಕನಿಷ್ಠ ಇಬ್ಬರ ಹೇಳಿಕೆ, ಒಂದು ಹಳೆಯ ಫೋಟೊ ಅಥವಾ ಕರಪತ್ರ ವಹಿಯಲ್ಲಿ ಸೇರಲಿ.

3. ಒಪ್ಪಿಗೆ ಕೇಳಿ
ಸುತಾರ ಅವರು ಪದ್ಮಶ್ರೀ ಪಡೆದ 2018ರಲ್ಲೇ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಅದೇ ಪ್ರಶಸ್ತಿಯನ್ನು ಪ್ರಧಾನಿಗೆ ಪತ್ರ ಬರೆದು ವಿನಯದಿಂದ ಬೇಡವೆಂದರು. ಸತ್ಕಾರ ಎಲ್ಲರಿಗೂ ಹಿಡಿಸುವುದಿಲ್ಲ. ಆಮಂತ್ರಣ ಅಚ್ಚಾಗುವ ಮುಂಚೆ ಮನೆಗೆ ಹೋಗಿ ಕೇಳಿ. ವೇದಿಕೆ ಬೇಡವೆಂದವರ ಕೆಲಸವನ್ನು, ಅವರು ಒಪ್ಪಿದರೆ, ವಹಿಯಲ್ಲಷ್ಟೇ ಬರೆಯಿರಿ.

4. ಸಂಸ್ಥೆಯಾದರೆ ಕಾಗದ ನೋಡಿ
1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದೆಯೇ, ನವೀಕರಣವಾಗಿದೆಯೇ, ಲೆಕ್ಕಪತ್ರ ಆಡಿಟ್ ಆಗಿದೆಯೇ ಎಂದು ವಿಚಾರಿಸಿ. ಅದಕ್ಕಿಂತ ಮುಖ್ಯ, ನೆರವು ಪಡೆದವರ ಮಾತು ಕೇಳಿ. ಕೆಲವೊಮ್ಮೆ ನೆರವು ಬೇಕಾದವರೇ ಸಂಸ್ಥೆ ನಡೆಸುತ್ತಾರೆ: ಘಟಪ್ರಭಾದಲ್ಲಿ 1997ರಲ್ಲಿ ಶುರುವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರೇ ನಡೆಸಿಕೊಂಡು ಬಂದದ್ದು. ಅದರ ಸೀತವ್ವ ಜೋಡಟ್ಟಿ ಅವರಿಗೂ 2018ರಲ್ಲೇ ಪದ್ಮಶ್ರೀ ಬಂತು. ಸಂಸ್ಥೆಯನ್ನು ಸತ್ಕರಿಸುವಾಗ ಅಧ್ಯಕ್ಷರ ಜೊತೆಗೆ ಅಡುಗೆಯವರು, ವಾಹನ ಚಾಲಕರನ್ನೂ ಮೇಲೆ ಕರೆಯಿರಿ.

5. ಸಮಾರಂಭ ಚಿಕ್ಕದಿರಲಿ
ಒಂದು ಸಂಜೆಗೆ ನಾಲ್ಕೈದು ಮಂದಿ ಸಾಕು. ಸತ್ಕಾರವನ್ನು ಭಾಷಣಗಳಿಗಿಂತ ಮೊದಲೇ ಮುಗಿಸಿ, ವಯಸ್ಸಾದವರು ಕಾಯುವಂತೆ ಮಾಡಬೇಡಿ. ಕರೆತರಲು, ಮರಳಿ ಬಿಡಲು ಗಾಡಿ ಗೊತ್ತು ಮಾಡಿ. ವಹಿಯ ಬರಹವನ್ನು ಅವರೆದುರೇ ಓದಿ, ತಪ್ಪಿದ್ದರೆ ಅವರೇ ತಿದ್ದಲಿ. ಪದ್ಮ ಪುರಸ್ಕಾರ ಪಡೆದವರು ಬರುವುದಾದರೆ ಒಂದು ನಿಯಮ ನೆನಪಿಡಿ: ಅದು ಬಿರುದಲ್ಲ, ಆಮಂತ್ರಣದಲ್ಲಿ ಹೆಸರಿನ ಹಿಂದೆ ಮುಂದೆ ಅಚ್ಚು ಹಾಕುವಂತಿಲ್ಲ.

6. ಸರ್ಕಾರಕ್ಕೆ ಹೆಸರು ಕಳಿಸಿ
ಪದ್ಮ ಪುರಸ್ಕಾರಕ್ಕೆ ಯಾರು ಬೇಕಾದರೂ ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಹೆಸರು ಸೂಚಿಸಬಹುದು. ಸಾಧನೆಯ ವಿವರ 800 ಪದ ಮೀರಬಾರದು. ವಹಿ ತಯಾರಿದ್ದರೆ ಇದು ಒಂದೆರಡು ದಿನದ ಕೆಲಸ. ಈ ಪುರಸ್ಕಾರ ವ್ಯಕ್ತಿಗಳಿಗೆ ಮಾತ್ರ, ಸಂಸ್ಥೆಗಳಿಗಿಲ್ಲ. ಸಾಮಾನ್ಯವಾಗಿ ಮರಣೋತ್ತರವಾಗಿ ಕೊಡುವುದಿಲ್ಲವಾದ್ದರಿಂದ ತಡ ಮಾಡಬೇಡಿ. ಘೋಷಣೆ ಗಣರಾಜ್ಯೋತ್ಸವದ ಹೊತ್ತಿಗೆ, ಆದರೆ ಹೆಸರು ಕಳಿಸುವ ಗಡುವು ತಿಂಗಳುಗಳ ಮೊದಲೇ ಮುಗಿಯುತ್ತದೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ರಾಜ್ಯೋತ್ಸವ ಪ್ರಶಸ್ತಿಯ ಆಯ್ಕೆ ವಿಧಾನವೂ ಬದಲಾಗುತ್ತಿರುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

7. ಮರುದಿನದ ಕೆಲಸ
ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. ಅರ್ಜಿ ತುಂಬಲು, ವಯಸ್ಸು ಮತ್ತು ಆದಾಯದ ದಾಖಲೆ ಹೊಂದಿಸಲು ನಿಮ್ಮ ಸಮಿತಿಯ ಒಬ್ಬ ಹುಡುಗನನ್ನು ಹಚ್ಚಿ. ಉಳಿದವರಿಗೆ ಏನು ಬೇಕೆಂದು ಅವರನ್ನೇ ಕೇಳಿ. ಒಬ್ಬರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಇನ್ನೊಬ್ಬರಿಗೆ ಹೊಸ ಹಾರ್ಮೋನಿಯಂ ಬೇಕಿರಬಹುದು. ವಹಿಯ ಒಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಒಂದು ಶಾಲೆಗೆ, ಒಂದು ಸತ್ಕಾರ ಪಡೆದವರ ಮನೆಗೆ ಕೊಡಿ. ಖರ್ಚು ಹೆಚ್ಚಾಯಿತು ಅನ್ನಿಸಿದರೆ ಮುಂದಿನ ವರ್ಷ ಪೆಂಡಾಲು ಚಿಕ್ಕದು ಮಾಡಿ, ಜೆರಾಕ್ಸ್ ಬಿಡಬೇಡಿ.