ರಾಜೀನಾಮೆಗೆ ಸಹಿ ಹಾಕಬೇಡಿ

ಪ್ರಶ್ನೆ: ಮೇಡಂ, ಹೊರ ಜಿಲ್ಲೆಯಲ್ಲಿ ಗಾಳಿಯಂತ್ರದ ರೆಕ್ಕೆ ತಯಾರಿಸುವ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ಕಾಯಂ ಕಾರ್ಮಿಕ. ಆರ್ಡರ್ ಇಲ್ಲವೆಂದು ಒಬ್ಬೊಬ್ಬರನ್ನೇ ಕರೆದು ರಾಜೀನಾಮೆ ಬರೆಸಿಕೊಳ್ಳುತ್ತಿದ್ದಾರೆ. ‘ಈಗಲೇ ಬರೆದರೆ ಲೆಕ್ಕ ಬೇಗ ಚುಕ್ತಾ ಆಗುತ್ತೆ’ ಅನ್ನುತ್ತಾರೆ. ಊರಿನ ಜಮೀನು ಅರ್ಧ ವಿಮಾನ ನಿಲ್ದಾಣಕ್ಕೆ ಹೋಯಿತು. ಉಳಿದದ್ದರಲ್ಲಿ ಅಪ್ಪ ಆಲೂಗೆಡ್ಡೆ ಹಾಕುತ್ತಾರೆ. ಹೆಂಡತಿಗೂ ಹೇಳಿಲ್ಲ. ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ಬೂವನಹಳ್ಳಿ

ಉತ್ತರ: ನಿಮ್ಮ ಕೆಲಸದಲ್ಲಿ ಕುಂದಿದೆ ಎಂದು ಒಳಗೊಳಗೇ ಕೊರಗಬೇಡಿ. 2017ರಲ್ಲಿ ಗಾಳಿ ವಿದ್ಯುತ್ತಿಗೆ ಮೊದಲೇ ದರ ಗೊತ್ತುಮಾಡುವ ಪದ್ಧತಿ ಹೋಗಿ ಹರಾಜು ಬಂತು. ಮೊದಲ ಹರಾಜಿನಲ್ಲೇ ಯೂನಿಟ್ ದರ 3.46 ರೂಪಾಯಿಗೆ ಇಳಿಯಿತು, ಹೊಸ ಯಂತ್ರಗಳ ಬೇಡಿಕೆ ಕುಸಿಯಿತು. ಆ ವರ್ಷದ ಕೊನೆಗೆ ಪಡುಬಿದ್ರಿಯಲ್ಲಿ ಗಾಳಿಯಂತ್ರದ ರೆಕ್ಕೆ ಮಾಡುವ ಸುಜ್ಲಾನ್ ಘಟಕಕ್ಕೆ ಬೀಗ ಬಿದ್ದು, ಕಾರ್ಮಿಕರು ಬೀದಿಗಿಳಿದರು. ಅವರ ಕೈಕೆಲಸದಲ್ಲಿ ತಪ್ಪಿರಲಿಲ್ಲ. ಈ ಉದ್ಯಮದಲ್ಲಿ ಆರ್ಡರ್ ಏರುವುದು, ಇಳಿಯುವುದು ಕಾರ್ಮಿಕನ ಕೈಯಲ್ಲಿಲ್ಲ.

ನಿಮ್ಮ ಕೈಯಲ್ಲಿರುವುದು ಸಹಿ. ಕಂಪನಿಯೇ ಕೆಲಸದಿಂದ ತೆಗೆದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಕೊಡಬೇಕು. ನಿಮ್ಮ ಎಂಟು ವರ್ಷಕ್ಕೆ ಅದು 120 ದಿನದ ಸಂಬಳ. ನೀವೇ ರಾಜೀನಾಮೆ ಬರೆದರೆ ಈ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ ಹೇಗೂ ನಿಮ್ಮದೇ, ಪಿಎಫ್ ಕೂಡ. ಅವನ್ನು ತೋರಿಸಿ ‘ಚುಕ್ತಾ’ ಅನ್ನುವುದು ನಿಮ್ಮ ಹಣವನ್ನೇ ನಿಮಗೆ ಕೊಡುವುದು.

ಇಂದೇ ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ ಒಟ್ಟುಮಾಡಿಟ್ಟುಕೊಳ್ಳಿ. ಸಹಿ ಹಾಕದವರೆಲ್ಲ ಸೇರಿ ಕಾರ್ಖಾನೆ ಇರುವ ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಸಂಬಳದಲ್ಲಿ ಇಎಸ್‌ಐ ಕಡಿತವಿದ್ದರೆ ನಿರುದ್ಯೋಗ ಭತ್ಯೆಯ ಬಗ್ಗೆ ಇಎಸ್‌ಐ ಕಚೇರಿಯಲ್ಲಿ ವಿಚಾರಿಸಿ. ಫೈಬರ್ ಹಾಸಿ ರೆಸಿನ್ ಹಿಡಿಸುವ ನಿಮ್ಮ ಕಸುಬು ದೋಣಿಗೂ ಬೇಕು, ನೀರಿನ ಟ್ಯಾಂಕಿಗೂ ಬೇಕು. ಅರ್ಜಿಯ ವಿಚಾರಣೆ ನಡೆಯುವಾಗಲೇ ಅಲ್ಲೂ ಕೆಲಸ ಹುಡುಕಿ.

ಇನ್ನು ಮನೆಯ ಮಾತು. ಮಳೆ ಕೈಕೊಟ್ಟ ವರ್ಷಗಳನ್ನೂ ಜಮೀನು ಹೋದದ್ದನ್ನೂ ಕಂಡ ನಿಮ್ಮ ತಂದೆ ಈ ಸುದ್ದಿಯನ್ನೂ ತಡೆದುಕೊಳ್ಳುತ್ತಾರೆ. ಬೇರೆಯವರ ಬಾಯಿಂದ ಕೇಳಿದರೆ ಮಾತ್ರ ನೊಂದುಕೊಳ್ಳುತ್ತಾರೆ. ಮೊದಲು ಹೆಂಡತಿಗೆ ಹೇಳಿ, ಆಮೇಲೆ ಇಬ್ಬರೂ ಕೂತು ಅಪ್ಪನಿಗೆ ಹೇಳಿ. ತಿಂಗಳ ಖರ್ಚು, ಸಾಲದ ಕಂತು ಒಂದು ಹಾಳೆಯಲ್ಲಿ ಬರೆಯಿರಿ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ನಾಳೆ ನಿಮ್ಮನ್ನು ಕೋಣೆಗೆ ಕರೆದರೆ ‘ಮನೇಲಿ ಕೇಳಿ ಹೇಳ್ತೀನಿ’ ಎಂದು ಎದ್ದು ಬನ್ನಿ. ಹಾಗೆ ಹೇಳುವ ಧೈರ್ಯ ಬರಬೇಕಾದರೆ, ಇವತ್ತು ರಾತ್ರಿಯೇ ಮನೆಯಲ್ಲಿ ಹೇಳಿಬಿಡಿ.