ಆ್ಯಪ್ ರಚನೆಗೆ ಅಂಕಿ ಅಂಶಗಳ ಆಕರ

ಮೊಬೈಲ್ ಫೋನಿನಲ್ಲಿ ನಾವು ದಿನವೂ ಬಳಸುವ ಆ್ಯಪುಗಳನ್ನು ವಿಚಾರಮಾಡಿ ನೋಡಿದರೆ, ಪ್ರತಿಯೊಂದರಲ್ಲಿಯೂ ಎರಡು ಅಂಗಗಳಿರುವುದು ಕಂಡುಬರುತ್ತದೆ. ಒಂದು, ಫೋನು ಏನು ಮಾಡಬೇಕೆಂದು ತಿಳಿಸುವ ಆದೇಶಗಳ ಸಾಲು. ಇದಕ್ಕೆ ಪ್ರೋಗ್ರಾಮ್ ಎಂದು ಹೆಸರು. ಇನ್ನೊಂದು, ಆ ಆದೇಶಗಳು ಯಾವುದರ ಮೇಲೆ ಕೆಲಸ ಮಾಡುವುವೋ ಆ ಅಂಕಿ ಅಂಶಗಳು. ಬಸ್ಸಿನ ವೇಳೆ, ಊರಿನ ನಕ್ಷೆ, ನಾಳಿನ ಹವೆ, ಪದದ ಅರ್ಥ, ಇವೆಲ್ಲ ಎರಡನೆಯ ಬಗೆಗೆ ಸೇರಿದುವು. ಗಿರಣಿ ಎಷ್ಟೇ ಚೆನ್ನಾಗಿದ್ದರೂ ಕಾಳಿನಲ್ಲಿ ಕಲ್ಲಿದ್ದರೆ ಹಿಟ್ಟಿನಲ್ಲಿಯೂ ಕಲ್ಲೇ ಬರುವುದು. ಆದುದರಿಂದ ಆ್ಯಪ್ ರಚಿಸುವ ಅಭಿಲಾಷೆಯುಳ್ಳವರು ಸಾಧನಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಅಂಕಿ ಅಂಶಗಳ ಆಕರಗಳನ್ನೂ ಹುಡುಕಿ ಪರೀಕ್ಷಿಸಬೇಕಾಗುತ್ತದೆ. ಅದು ಹೇಗೆಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಮಲೆನಾಡಿನ ಅಡಕೆ ತೋಟಗಳಿಗೆ ಮಳೆಗಾಲದಲ್ಲಿ ಕೊಳೆರೋಗದ ಭಯ. ಅದನ್ನು ತಡೆಯಲು ಬೆಳೆಗಾರರು ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವರು. ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು ೪೦–೪೫ ದಿನಗಳ ತರುವಾಯ ಇನ್ನೊಂದು ಸಲ, ಹೀಗೆ ಈ ಕೆಲಸ ನಡೆಯುತ್ತದೆ. ದ್ರಾವಣವು ಒಣಗಿ ಕಾಯಿಗೆ ಅಂಟಿಕೊಳ್ಳುವಷ್ಟು ಹೊತ್ತು ಮಳೆ ಬಿಡುವು ಕೊಡಬೇಕು. ಇಲ್ಲದಿದ್ದರೆ ಮೈಲುತುತ್ತದ ಬೆಲೆಯೂ ಮರವೇರಿದವನ ಕೂಲಿಯೂ ನೀರುಪಾಲಾಗುವುವು. ಇಂಥ ಬೆಳೆಗಾರನಿಗೆ ‘ನಿಮ್ಮ ತೋಟದಲ್ಲಿ ನಿನ್ನೆ ಇಷ್ಟು ಮಳೆ ಬಿದ್ದಿದೆ, ನಾಳೆ ಇಷ್ಟು ಬೀಳಬಹುದು’ ಎಂದು ತಿಳಿಸುವ ಒಂದು ಆ್ಯಪನ್ನು ರಚಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ.

ಸಾಧನಗಳು

ಸಾಧನಗಳ ವಿಷಯ ಅಷ್ಟೇನೂ ಕಠಿಣವಲ್ಲ. ಆಂಡ್ರಾಯ್ಡ್ ಫೋನುಗಳಿಗಾಗಿ ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಸ್ಟುಡಿಯೋ ಬೆಲೆಯಿಲ್ಲದೆ ದೊರೆಯುತ್ತದೆ. ಅದರ ಮೊದಲ ಸ್ಥಿರ ಆವೃತ್ತಿ ಹೊರಬಂದದ್ದು ೨೦೧೪ರ ಡಿಸೆಂಬರಿನಲ್ಲಿ. ಜಾವಾ ಅಥವಾ ಕಾಟ್ಲಿನ್ ಭಾಷೆಯಲ್ಲಿ ಆದೇಶಗಳನ್ನು ಬರೆಯಬಹುದು. ಆಪಲ್ ಫೋನುಗಳಿಗೆ ಎಕ್ಸ್‌ಕೋಡ್ ಎಂಬ ಸಾಧನವೂ ಸ್ವಿಫ್ಟ್ ಎಂಬ ಭಾಷೆಯೂ ಉಂಟು. ಆದರೆ ಎಕ್ಸ್‌ಕೋಡ್ ನಡೆಯುವುದು ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ. ಒಮ್ಮೆ ಬರೆದುದನ್ನು ಎರಡು ಬಗೆಯ ಫೋನುಗಳಿಗೂ ಒಗ್ಗಿಸಬೇಕೆಂದಿದ್ದರೆ, ೨೦೧೮ರಲ್ಲಿ ಪೂರ್ಣರೂಪ ತಳೆದ ಫ್ಲಟರ್ ಮೊದಲಾದ ಚೌಕಟ್ಟುಗಳಿವೆ. ಬರೆದುದರಲ್ಲಿ ಕಾಲಕಾಲಕ್ಕೆ ಮಾಡಿದ ಬದಲಾವಣೆಗಳ ಲೆಕ್ಕವಿಡಲು, ೨೦೦೫ರಿಂದ ಬಳಕೆಯಲ್ಲಿರುವ ಗಿಟ್ ಇದೆ.

ಯಾವ ಸಾಧನವನ್ನೇ ಆಗಲಿ ಆರಿಸುವ ಮುನ್ನ ಮೂರು ಸಂಗತಿಗಳನ್ನು ನೋಡಿಕೊಂಡರೆ ಸಾಕು: ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಕಡೆಯ ತಿದ್ದುಪಡಿ ಎಂದು ಆಯಿತು, ಯಾವ ಷರತ್ತಿನ ಮೇಲೆ ಅದನ್ನು ಬಳಸಬಹುದು. ವರ್ಷಗಟ್ಟಲೆ ಯಾರೂ ಮುಟ್ಟದ ಸಾಧನವನ್ನು ನೆಚ್ಚುವುದು ವಿವೇಕವಲ್ಲ.

ಆಕರಗಳು

ಮೊದಲ ಆಕರವು ಫೋನಿನೊಳಗೇ ಇದೆ. ವೇಗೋತ್ಕರ್ಷ, ಕಾಂತಕ್ಷೇತ್ರ, ಬೆಳಕು, ಕೆಲವು ಫೋನುಗಳಲ್ಲಿ ವಾಯುವಿನ ಒತ್ತಡ, ಇವನ್ನು ಅಳೆಯುವ ಪುಟ್ಟ ಉಪಕರಣಗಳು ಅದರಲ್ಲಿರುತ್ತವೆ. ಜರ್ಮನಿಯ ಆಕೆನ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ಆ್ಯಪು, ನಮ್ಮ ಫೋನಿನಲ್ಲಿ ಯಾವ ಯಾವ ಉಪಕರಣಗಳಿವೆ, ಅವು ಏನನ್ನು ಸೂಚಿಸುತ್ತಿವೆ ಎಂಬುದನ್ನು ತೋರಿಸುತ್ತದೆ.

ಎರಡನೆಯ ಆಕರವು ಸರ್ಕಾರಿ ಸಂಸ್ಥೆಗಳದು. ೧೮೭೫ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು ೧೯೦೧ರಿಂದೀಚಿನ ದೈನಿಕ ಮಳೆಯನ್ನು ಚೌಕಗಳಾಗಿ ವಿಂಗಡಿಸಿ ಒದಗಿಸಿದೆ. ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿಯ ಮಟ್ಟದವರೆಗೂ ಹರಡಿವೆ. ನಾನಾ ಇಲಾಖೆಗಳ ಅಂಕಿ ಅಂಶಗಳನ್ನು ಒಂದೆಡೆ ತರುವ ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣವು ೨೦೧೨ರಲ್ಲಿ ಆರಂಭವಾಯಿತು.

ಮೂರನೆಯದು ಜನರೇ ಕೂಡಿ ಕಟ್ಟಿದ್ದು. ೨೦೦೪ರಲ್ಲಿ ಮೊದಲಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯೂ ೨೦೧೨ರಲ್ಲಿ ತೊಡಗಿದ ವಿಕಿಡೇಟಾ ಎಂಬ ಸಂಗತಿಕೋಶವೂ ಇಂಥವು. ಕನ್ನಡ ಪದಗಳನ್ನು ಬಳಸುವ ಆ್ಯಪುಗಳಿಗೆ, ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ಸಂಕಲಿಸಿದ, ೨೦೧೯ರಲ್ಲಿ ಮುಕ್ತವಾಗಿ ಪ್ರಕಟವಾದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಒಂದು ದೊಡ್ಡ ನಿಧಿ. ನಾಲ್ಕನೆಯ ಬಗೆ, ಹಣಕ್ಕೆ ಅಂಕಿ ಅಂಶಗಳನ್ನು ಒದಗಿಸುವ ಖಾಸಗಿ ಸಂಸ್ಥೆಗಳು.

ದೂರದ ಆಕರದಿಂದ ಅಂಕಿಗಳು ಫೋನಿಗೆ ಬರುವುದು ಸಾಮಾನ್ಯವಾಗಿ ಎಪಿಐ ಎಂಬ ದ್ವಾರದಿಂದ. ಗ್ರಂಥಭಂಡಾರದ ಕಿಟಕಿಯಲ್ಲಿ ನಾವು ಚೀಟಿ ಕೊಡುತ್ತೇವೆ. ಒಳಗಿನವರು ಪುಸ್ತಕವನ್ನು ತಂದುಕೊಡುತ್ತಾರೆ. ಒಳಗೆ ಅದನ್ನು ಎಲ್ಲಿಟ್ಟಿದ್ದರೆಂಬುದು ನಮಗೆ ತಿಳಿಯಬೇಕಾಗಿಲ್ಲ. ಎಪಿಐ ಅಂಥ ಕಿಟಕಿ. ಚೀಟಿಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕಗಳನ್ನು ಬರೆದು ಕಳುಹಿಸಿದರೆ ಮಳೆಯ ಅಂಕಿ ಮರಳಿ ಬರುವುದು.

ಅಂಕಿಗೆ ಕೇಳಬೇಕಾದ ಪ್ರಶ್ನೆಗಳು

ಹೀಗೆ ಬಂದ ಅಂಕಿ ‘೪೨’ ಎಂದಿರಲಿ. ಇದನ್ನು ಒಡನೆಯೇ ಬೆಳೆಗಾರನಿಗೆ ತೋರಿಸಬಹುದೆ? ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಯಾವ ಅಳತೆಯನ್ನೂ ಅದರ ಪೂರ್ವಾಪರಗಳಿಲ್ಲದೆ ಸ್ವೀಕರಿಸುವ ವಾಡಿಕೆಯಿಲ್ಲ. ಆ್ಯಪಿಗೂ ಅದೇ ನಿಯಮ.

ಮೊದಲನೆಯದಾಗಿ, ಇದು ಅಳೆದುದೋ, ಗಣಿಸಿದುದೋ? ಮಳೆಮಾಪಕದಲ್ಲಿ ಸಂಗ್ರಹವಾದ ನೀರು, ವಾಯುಮಂಡಲದ ಸಮೀಕರಣಗಳಿಂದ ಗಣಿಸಿದ ಮಳೆ, ನಾಳೆಗೆಂದು ಹೇಳಿದ ಮುನ್ಸೂಚನೆ, ಈ ಮೂರಕ್ಕೂ ‘ಮಳೆ’ ಎಂಬ ಒಂದೇ ಹೆಸರಿರುವುದುಂಟು. ಆದರೆ ಅವುಗಳ ವಿಶ್ವಾಸಾರ್ಹತೆ ಒಂದೇ ಅಲ್ಲ.

ಎರಡನೆಯದಾಗಿ, ಎಷ್ಟು ವಿಸ್ತಾರದ ನೆಲಕ್ಕೆ ಇದು ಅನ್ವಯಿಸುತ್ತದೆ? ಅಕ್ಷಾಂಶದ ೧ ಡಿಗ್ರಿ ಸುಮಾರು ೧೧೧ ಕಿಲೋಮೀಟರು. ಹವಾಮಾನ ಇಲಾಖೆಯ ಮಳೆಯ ಚೌಕವು ೦.೨೫ ಡಿಗ್ರಿಯದು, ನಮ್ಮ ಮಲೆನಾಡಿನಲ್ಲಿ ಅದರ ವಿಸ್ತೀರ್ಣ ಸುಮಾರು ೭೫೦ ಚದರ ಕಿಲೋಮೀಟರಾಗುತ್ತದೆ. ನಾಸಾ ಸಂಸ್ಥೆಯ ಮೆರ್ರಾ–೨ ಎಂಬ ಗಣನೆಯಲ್ಲಿ ಒಂದೊಂದು ಮನೆ ೦.೫ ಡಿಗ್ರಿ ಅಕ್ಷಾಂಶ, ೦.೬೨೫ ಡಿಗ್ರಿ ರೇಖಾಂಶ. ಎಂದರೆ ೩,೭೦೦ ಚದರ ಕಿಲೋಮೀಟರಿಗೂ ಹೆಚ್ಚು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ನೇರ ದೂರದಲ್ಲಿ ಅಲ್ಲಿಂದ ಸುಮಾರು ೭೦ ಕಿಲೋಮೀಟರು ಆಚೆಯ ಶಿವಮೊಗ್ಗದಲ್ಲಿ ಅದರ ಐದರಲ್ಲೊಂದು ಪಾಲೂ ಬೀಳುವುದಿಲ್ಲ. ಮಳೆ ಇಷ್ಟು ಬೇಗ ಬದಲಾಗುವ ಸೀಮೆಯಲ್ಲಿ ದೊಡ್ಡ ಚೌಕವೊಂದರ ಸರಾಸರಿಯು ಘಟ್ಟದ ನೆತ್ತಿಯ ತೋಟಕ್ಕೂ ಸಲ್ಲದು, ಒಣ ಬಯಲಿಗೂ ಸಲ್ಲದು. ಅದನ್ನು ‘ನಿಮ್ಮ ತೋಟದ ಮಳೆ’ ಎಂದು ಬರೆಯುವುದು ಅಸತ್ಯವೇ ಸರಿ.

ಮೂರನೆಯದಾಗಿ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ? ಹವಾಮಾನ ಇಲಾಖೆಯು ದಿನದ ಮಳೆಯನ್ನು ಬೆಳಗ್ಗೆ ೮-೩೦ಕ್ಕೆ ಅಳೆದು, ಹಿಂದಿನ ೨೪ ಗಂಟೆಗಳ ಮಳೆಯನ್ನು ಆ ದಿನಾಂಕಕ್ಕೇ ಬರೆಯುತ್ತದೆ. ಅಂತರರಾಷ್ಟ್ರೀಯ ವೇಳೆಯನ್ನು ಅನುಸರಿಸುವ ಆಕರಗಳಲ್ಲಿ ದಿನವು ನಮ್ಮ ಬೆಳಗಿನ ೫-೩೦ಕ್ಕೆ ಆರಂಭವಾಗುವುದು. ಜುಲೈ ೧೦ರ ರಾತ್ರಿ ೯ ಗಂಟೆಗೆ ಬಿದ್ದ ಮಳೆಯು ಮೊದಲನೆಯದರಲ್ಲಿ ೧೧ರ ಲೆಕ್ಕಕ್ಕೂ ಎರಡನೆಯದರಲ್ಲಿ ೧೦ರ ಲೆಕ್ಕಕ್ಕೂ ಸೇರುತ್ತದೆ. ಇದನ್ನರಿಯದೆ ಎರಡು ಆಕರಗಳನ್ನು ಬೆರೆಸಿದರೆ, ಒಂದೇ ಮಳೆಯನ್ನು ಎರಡು ಸಲ ಎಣಿಸಿದಂತಾಗುವುದು.

ನಾಲ್ಕನೆಯದಾಗಿ, ಏಕಮಾನ ಯಾವುದು? ೧ ಮಿಲಿಮೀಟರು ಮಳೆಯೆಂದರೆ ೧ ಚದರ ಮೀಟರು ನೆಲದ ಮೇಲೆ ೧ ಲೀಟರು ನೀರು. ಆದರೆ ಕೆಲವು ಆಕರಗಳು ಗಂಟೆಗೆ ಇಷ್ಟು ಮಿಲಿಮೀಟರು ಎಂದೂ ಕೆಲವು ದಿನಕ್ಕೆ ಇಷ್ಟೆಂದೂ ಕೊಡುತ್ತವೆ; ಇಂಚಿನಲ್ಲಿ ಕೊಡುವುವೂ ಉಂಟು. ಮಂಗಳಗ್ರಹಕ್ಕೆ ಹೊರಟ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ೧೯೯೯ರ ಸೆಪ್ಟೆಂಬರ್ ೨೩ರಂದು ನಷ್ಟವಾದುದಕ್ಕೆ ಮೂಲಕಾರಣ ಏಕಮಾನಗಳ ಇಂಥ ಗೊಂದಲವೇ. ಒಂದು ಪ್ರೋಗ್ರಾಮು ಆವೇಗವನ್ನು ಪೌಂಡ್–ಸೆಕೆಂಡುಗಳಲ್ಲಿ ಕೊಟ್ಟಿತು; ಅದನ್ನು ಪಡೆದ ಇನ್ನೊಂದು ಪ್ರೋಗ್ರಾಮು ನ್ಯೂಟನ್–ಸೆಕೆಂಡುಗಳೆಂದು ಭಾವಿಸಿತು. ಎರಡಕ್ಕೂ ಸುಮಾರು ೪.೪೫ ಪಟ್ಟು ಅಂತರ.

ಐದನೆಯದಾಗಿ, ಅಳತೆ ಇಲ್ಲದ ದಿನವನ್ನು ಹೇಗೆ ಸೂಚಿಸಿದ್ದಾರೆ? ಅನೇಕ ಕಡತಗಳಲ್ಲಿ ಅಳತೆ ದೊರೆಯದ ಸ್ಥಾನದಲ್ಲಿ −೯೯೯ ಎಂದು ತುಂಬಿರುತ್ತಾರೆ. ೪೦, −೯೯೯, ೨೫ ಎಂಬ ಮೂರು ದಿನಗಳ ಅಂಕಿಗಳನ್ನು ಯಂತ್ರವು ಕಣ್ಣುಮುಚ್ಚಿ ಕೂಡಿದರೆ −೯೩೪ ಎಂಬ ಹಾಸ್ಯಾಸ್ಪದ ಉತ್ತರ ಬರುತ್ತದೆ. ತಪ್ಪು ಗೊತ್ತಾದರೂ ಆಗುವುದು. ಆದರೆ −೯೯೯ನ್ನು ಸೊನ್ನೆಯಾಗಿ ಬದಲಿಸಿದರೆ ತಪ್ಪು ಕಣ್ಣಿಗೇ ಬೀಳದು. ಬಿರುಮಳೆಯಲ್ಲಿ ಮಾಪಕ ಕೆಟ್ಟ ದಿನವನ್ನು ಆ್ಯಪು ‘ಮಳೆಯಿಲ್ಲದ ದಿನ’ ಎಂದು ಸಾರುವುದು. ‘ಇಲ್ಲ’ ಎಂಬುದು ಬೇರೆ, ‘ತಿಳಿಯದು’ ಎಂಬುದು ಬೇರೆ.

ಆರನೆಯದಾಗಿ, ಬಳಸಲು ಅನುಮತಿಯುಂಟೆ, ಆಕರವು ನಾಳೆಯೂ ಇರುವುದೆ? ಓಪನ್‌ಸ್ಟ್ರೀಟ್‌ಮ್ಯಾಪಿನ ದತ್ತಾಂಶ ಎಲ್ಲರಿಗೂ ಮುಕ್ತ, ಆದರೆ ಆಕರದ ಹೆಸರು ಹೇಳಬೇಕು. ಮೇಲಾಗಿ, ದಾನದಿಂದ ನಡೆಯುವ ಅದರ ನಕ್ಷಾಚಿತ್ರಗಳ ಸರ್ವರಿನ ಮೇಲೆ ದೊಡ್ಡ ಆ್ಯಪಿನ ಭಾರವನ್ನು ಹೊರಿಸುವಂತಿಲ್ಲ. ಇನ್ನು ಸ್ಥಿರತೆಯ ಮಾತು. ಡಾರ್ಕ್ ಸ್ಕೈ ಎಂಬ ಹವಾ ಮುನ್ಸೂಚನೆಯ ಸಂಸ್ಥೆಯನ್ನು ಆಪಲ್ ೨೦೨೦ರಲ್ಲಿ ಕೊಂಡಿತು. ಅದರ ಎಪಿಐ ೨೦೨೩ರ ಮಾರ್ಚ್ ೩೧ಕ್ಕೆ ನಿಂತಿತು. ಅದನ್ನೇ ನೆಚ್ಚಿದ್ದ ಆ್ಯಪುಗಳೆಲ್ಲ ಬೇರೆ ಆಕರವನ್ನು ಹುಡುಕಬೇಕಾಯಿತು. ಆದುದರಿಂದ ಎರಡನೆಯ ಆಕರವೊಂದನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಲೇಸು.

ಮಿತವ್ಯಯ ಮತ್ತು ಗೋಪ್ಯತೆ

ಕಿಟಕಿಯಲ್ಲಿ ಎಷ್ಟು ಸಲ ಚೀಟಿ ಕೊಡಬಹುದೆಂಬುದಕ್ಕೂ ಮಿತಿಯಿರುತ್ತದೆ. ೧೦,೦೦೦ ಫೋನುಗಳು ೧೦ ನಿಮಿಷಕ್ಕೊಮ್ಮೆ ಆಕರವನ್ನು ಕೇಳಿದರೆ ದಿನಕ್ಕೆ ೧೪,೪೦,೦೦೦ ಚೀಟಿಗಳಾದುವು. ಅಂಕಿ ಬದಲಾಗುವುದು ಗಂಟೆಗೊಮ್ಮೆ ಮಾತ್ರವಾದರೆ, ನಮ್ಮದೇ ಒಂದು ಸರ್ವರು ೨೦೦ ಊರುಗಳಿಗಾಗಿ ದಿನಕ್ಕೆ ೪,೮೦೦ ಸಲ ಕೇಳಿ, ಬಂದುದನ್ನು ಎಲ್ಲರಿಗೂ ಹಂಚಬಹುದು. ಎಪಿಐಯ ಗುಟ್ಟಿನ ಕೀಲಿಯನ್ನೂ ಈ ಸರ್ವರಿನಲ್ಲೇ ಇಡತಕ್ಕದ್ದು. ಆ್ಯಪಿನೊಳಗಿಟ್ಟರೆ ಬಲ್ಲವರು ಅದನ್ನು ಹೊರತೆಗೆಯುವರು.

ಫೋನು ತನ್ನ ಸ್ಥಾನವನ್ನು ಆರು ದಶಮಾಂಶ ಸ್ಥಾನಗಳವರೆಗೆ ಹೇಳಬಲ್ಲುದು. ಅಂದರೆ ೧೧ ಸೆಂಟಿಮೀಟರಿನವರೆಗೆ! ಆದರೆ ಬಯಲಿನಲ್ಲಿಯೂ ಫೋನಿನ ಜಿ.ಪಿ.ಎಸ್. ನಂಬತಕ್ಕದ್ದು ಸುಮಾರು ೫ ಮೀಟರಿನವರೆಗೆ ಮಾತ್ರ. ಅಂಕಿಗಳ ಉದ್ದವೇ ನಿಖರತೆಯಲ್ಲ. ಮಳೆಯನ್ನು ಕೇಳಲು ಎರಡು ದಶಮಾಂಶ ಸ್ಥಾನಗಳು, ಎಂದರೆ ಸುಮಾರು ೧.೧ ಕಿಲೋಮೀಟರು, ಧಾರಾಳವಾಗಿ ಸಾಕು. ಉಳಿದುದನ್ನು ಕಳುಹಿಸದೆ ಇದ್ದರೆ ಬೆಳೆಗಾರನ ಮನೆಯ ಗುರುತು ಅವನಲ್ಲೇ ಉಳಿಯುವುದು.

ಒಂದು ಪರೀಕ್ಷೆ

ಕೊನೆಗೆ, ಓದುಗರು ತಾವೇ ಮಾಡಿ ನೋಡಬಹುದಾದ ಪರೀಕ್ಷೆಯೊಂದುಂಟು. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಮರದ ಹನಿ ಬೀಳದ ಬಯಲಿನಲ್ಲಿ ಅಲುಗದಂತೆ ಇಡಿರಿ. ದಿನವೂ ಬೆಳಗ್ಗೆ ೮-೩೦ಕ್ಕೆ ನೀರಿನ ಎತ್ತರವನ್ನು ಅಡಿಕೋಲಿನಿಂದ ಅಳೆದು ಬರೆದು, ಚೆಲ್ಲಿಬಿಡಿ. ಹೀಗೆ ಹತ್ತು ದಿನ ಮಾಡಿ, ನೀವು ಆರಿಸಿದ ಆಕರದ ಅಂಕಿಗಳನ್ನು ಪಕ್ಕದಲ್ಲಿ ಬರೆಯಿರಿ. ಎರಡೂ ಸಾಲುಗಳು ಪೂರ್ತಿ ಒಂದಾಗುವುದಿಲ್ಲ, ಆಗಬೇಕಾದುದೂ ಇಲ್ಲ. ಎಷ್ಟು ಬೇರೆಯಾಗುತ್ತವೆ, ಯಾವ ಬಗೆಯ ಮಳೆಯಲ್ಲಿ ಬೇರೆಯಾಗುತ್ತವೆ ಎಂಬುದನ್ನು ತಿಳಿದು, ಅದನ್ನು ಆ್ಯಪಿನಲ್ಲಿ ಅಂಕಿಯ ಜೊತೆಗೇ ಬರೆದರೆ ರಚಿಸಿದವನ ಕರ್ತವ್ಯ ಸಂದಿತು. ‘ಈ ಅಂಕಿ ೭೫೦ ಚದರ ಕಿಲೋಮೀಟರಿನ ಸರಾಸರಿ’ ಎಂಬ ಒಂದು ಸಾಲನ್ನು ಓದಿದ ಬೆಳೆಗಾರನು, ಏಣಿಯನ್ನು ಹೊರತೆಗೆಯುವ ಮುನ್ನ ತಾನೂ ಒಮ್ಮೆ ಆಕಾಶವನ್ನು ನೋಡುವನು.